ಏರಿಲ್ಲದ ದಾರಿಗಳು: ಉತ್ತರ ಕನ್ನಡದ ನದಿದಂಡೆಯ ನಡಿಗೆಗಳಲ್ಲಿ ಯಾವುದನ್ನು ಆರಿಸಬೇಕು?

ಉತ್ತರ ಕನ್ನಡಕ್ಕೆ ನಡೆಯಲೆಂದು ಬರುವವರಿಗೆ ಸಿಗುವ ಸಲಹೆಗಳೆಲ್ಲ ಸಾಮಾನ್ಯವಾಗಿ ಅವರನ್ನು ಗುಡ್ಡಕ್ಕೆ ಹತ್ತಿಸುವ ಅಥವಾ ಕಣಿವೆಗೆ ಇಳಿಸುವ ಸಲಹೆಗಳೇ ಆಗಿರುತ್ತವೆ. ಯಾಣ, ಉಂಚಳ್ಳಿ, ಮಾಗೋಡು, ಗೋಕರ್ಣದ ಕಡಲಂಚಿನ ಗುಡ್ಡಗಳು ಎಂಬ ಪಟ್ಟಿ ಎಲ್ಲರ ಬಾಯಲ್ಲೂ ಇದೆ. ಆದರೆ ಮಂಡಿನೋವಿರುವ ಹಿರಿಯರು, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಬಂದವರು, ದಿನಕ್ಕಿಷ್ಟು ನಡೆಯಬೇಕೆಂದು ವೈದ್ಯರಿಂದ ಹೇಳಿಸಿಕೊಂಡವರು, ಏದುಸಿರು ಬಿಡದೆ ಮಾತಾಡಿಕೊಂಡು ಎರಡು ತಾಸು ಹೋಗಿಬರಲು ಬಯಸುವವರು, ಇವರಿಗೆ ಆ ಪಟ್ಟಿಯಿಂದ ಪ್ರಯೋಜನವಿಲ್ಲ. ಘಟ್ಟದ ಕೆಳಗೂ ಮೇಲೂ ನದಿಗಳನ್ನು ಅನುಸರಿಸಿ ಸಾಗುವ ಸಮತಟ್ಟಾದ ದಾರಿಗಳು ಈ ಜಿಲ್ಲೆಯಲ್ಲಿ ಧಾರಾಳವಾಗಿವೆ. ಅವುಗಳಲ್ಲಿ ಯಾವುದು ಯಾರಿಗೆ, ಯಾವ ತಿಂಗಳಲ್ಲಿ, ದಿನದ ಯಾವ ಹೊತ್ತಿನಲ್ಲಿ ಹೊಂದುತ್ತದೆ ಎಂಬುದನ್ನು ಇಲ್ಲಿ ಹೋಲಿಸಿ ನೋಡಲಾಗಿದೆ.

ದಾರಿಯ ಉದ್ದವನ್ನೋ ನೋಟದ ಚೆಲುವನ್ನೋ ನೋಡಿ ನಡಿಗೆಯನ್ನು ಆರಿಸುವುದು ರೂಢಿ. ಈ ಜಿಲ್ಲೆಯಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಆ ನದಿಯ ನೀರು ಯಾರ ಮಾತು ಕೇಳುತ್ತದೆ? ಅಘನಾಶಿನಿಯ ಕೆಳಹರಿವು ಕಡಲಿನ ಉಬ್ಬರವಿಳಿತದ ಮಾತು ಕೇಳುತ್ತದೆ. ಕಾಳಿ ಮತ್ತು ಶರಾವತಿ ಕಡಲಿನ ಜೊತೆಗೆ ವಿದ್ಯುದಾಗಾರಗಳ ಮಾತನ್ನೂ ಕೇಳುತ್ತವೆ. ಘಟ್ಟದ ಮೇಲಿನ ವರದೆ ಮತ್ತು ಶಾಲ್ಮಲೆ ಮಳೆಯ ಮಾತನ್ನು ಮಾತ್ರ ಕೇಳುತ್ತವೆ. ಇದನ್ನು ಅರಿತುಕೊಂಡರೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆ.

ರೈಲು ಹಳಿಯ ವಿಚಾರ

ಬಿಟ್ಟುಹೋದ ರೈಲು ಮಾರ್ಗಗಳ ಮೇಲೆ ನಡೆಯುವ ಆಸೆ ಇತ್ತೀಚೆಗೆ ಅನೇಕರಲ್ಲಿ ಕಾಣುತ್ತಿದೆ, ಮತ್ತು ಅದಕ್ಕೆ ಸರಿಯಾದ ಕಾರಣವೂ ಇದೆ. ರೈಲು ಎಂಜಿನ್ನು ಕಡಿದಾದ ಏರನ್ನು ಹತ್ತಲಾರದು. ಆದ್ದರಿಂದ ಹಳಿ ಹಾಸುವವರು ಗುಡ್ಡವನ್ನು ಕಡಿದು, ತಗ್ಗನ್ನು ತುಂಬಿ, ಏರು ಗೊತ್ತಾಗದಂಥ ದಾರಿಯನ್ನು ಮಾಡಿರುತ್ತಾರೆ. ಕೊಂಕಣ ರೈಲ್ವೆಯ ಮಾರ್ಗದಲ್ಲಿ ಅನುಮತಿಸಿದ ಗರಿಷ್ಠ ಏರು 150 ಮೀಟರಿಗೆ ಒಂದು ಮೀಟರ್. ಜೊಯಿಡಾ ತಾಲ್ಲೂಕಿನ ಕ್ಯಾಸಲ್ ರಾಕ್‌ನಿಂದ ಗೋವೆಯ ಕುಳೆಂಗೆ ಇಳಿಯುವ ಬ್ರಗಾಂಜಾ ಘಾಟಿಯಲ್ಲಿಯೂ, ಅಂದರೆ ರೈಲಿನ ಲೆಕ್ಕದಲ್ಲಿ ಅತ್ಯಂತ ಕಡಿದಾದ ಜಾಗದಲ್ಲಿಯೂ, ಇಳಿಜಾರು 37ಕ್ಕೆ ಒಂದು ಮಾತ್ರ. ನಡೆಯುವ ಕಾಲಿಗೆ ಇದು ಏರೇ ಅಲ್ಲ.

ಆದರೆ ನಮ್ಮ ಜಿಲ್ಲೆಯಲ್ಲಿ ನಡಿಗೆಗೆಂದು ತೆರೆದಿಟ್ಟ ಹಳೆಯ ರೈಲು ದಾರಿ ಇಲ್ಲ. ಕರಾವಳಿಯ ಕೊಂಕಣ ರೈಲು 1998ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದ ಮಾರ್ಗ. ಹಗಲೂ ರಾತ್ರಿ ಅದರ ಮೇಲೆ ಗಾಡಿಗಳಿವೆ. ದಾಂಡೇಲಿಗೆ ಅಳ್ನಾವರದಿಂದ ಬರುವ ಹಳಿಯನ್ನು ನೋಡಿ ಅದು ಪಾಳುಬಿದ್ದಿದೆ ಎಂದುಕೊಳ್ಳುವವರಿದ್ದಾರೆ. ಪ್ರಯಾಣಿಕರ ಗಾಡಿ ನಿಂತು ಬಹುಕಾಲ ಕಳೆದಿದ್ದರೂ 2019ರಲ್ಲಿ ಅಂಬೇವಾಡಿಯವರೆಗೆ ಮತ್ತೆ ಪ್ರಯಾಣಿಕರ ರೈಲು ಓಡಿಸಿದ ಮಾರ್ಗ ಅದು. ಗಾಡಿ ಕಾಣಿಸದ ದಿನವೂ ಅದು ರೈಲ್ವೆಯ ಹಳಿಯೇ. ಕ್ಯಾಸಲ್ ರಾಕ್‌ನಿಂದ ದೂಧಸಾಗರದತ್ತ ಹಳಿಯ ಮೇಲೆ ನಡೆಯುವ ಅಭ್ಯಾಸವಂತೂ ನಿಷಿದ್ಧ, ಅಪಾಯಕಾರಿ. ಸುರಂಗಗಳ ಒಳಗೆ, ಮಳೆ ಮತ್ತು ಮಂಜಿನ ನಡುವೆ, ಇಳಿದುಬರುವ ಗಾಡಿಯ ಸದ್ದು ಕೇಳುವಷ್ಟರಲ್ಲಿ ಪಕ್ಕಕ್ಕೆ ಸರಿಯಲು ಜಾಗವೇ ಇರುವುದಿಲ್ಲ. ಅನುಮತಿಯಿಲ್ಲದೆ ರೈಲ್ವೆಯ ಜಾಗದೊಳಗೆ ಹೋಗುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಸೆರೆವಾಸ, ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಶಿಕ್ಷೆಯ ಭಯಕ್ಕಿಂತ ಜೀವದ ಮೇಲಿನ ಕಾಳಜಿಯಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಹಳಿಯನ್ನು ಈ ಆಯ್ಕೆಯ ಪಟ್ಟಿಯಿಂದಲೇ ತೆಗೆದುಹಾಕಿ.

ಹಾಗೆಂದು ಆ ಬಗೆಯ ದಾರಿಯ ಸುಖವನ್ನು ಕಳೆದುಕೊಳ್ಳಬೇಕಾಗಿಲ್ಲ. ರೈಲಿಗಿಂತಲೂ ಕಟ್ಟುನಿಟ್ಟಾಗಿ ಸಮತಟ್ಟನ್ನು ಬಯಸುವುದು ನಿಂತ ನೀರು. ನೀರನ್ನು ತಡೆಯಲೆಂದು ಜನರು ಕಟ್ಟಿದ ಒಡ್ಡು, ಏರಿ, ದಂಡೆಗಳೆಲ್ಲ ಹಳೆಯ ರೈಲು ಏರಿಯಂತೆಯೇ ನೆಲಮಟ್ಟದಿಂದ ತುಸು ಎತ್ತರದಲ್ಲಿ, ಎರಡೂ ಕಡೆ ನೋಟ ತೆರೆದುಕೊಂಡು ಸಾಗುತ್ತವೆ. ಕುಮಟಾ ತಾಲ್ಲೂಕಿನ ಗಜನಿ ಒಡ್ಡುಗಳು, ಅಂದರೆ ನದಿಯಂಚಿನ ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ ಕಟ್ಟಿದ ದಂಡೆಗಳು, ಇದಕ್ಕೆ ಅತ್ಯುತ್ತಮ ಉದಾಹರಣೆ. ರೈಲನ್ನು ಆ ಒಡ್ಡುಗಳ ಹತ್ತಿರಕ್ಕೆ ತಲುಪಲು ಬಳಸಿ: ಅಂಕೋಲಾ, ಗೋಕರ್ಣ ರೋಡ್, ಮಿರ್ಜಾನ್, ಕುಮಟಾ, ಹೊನ್ನಾವರ ನಿಲ್ದಾಣಗಳು ಈ ನದಿಗಳ ಮಗ್ಗುಲಲ್ಲಿಯೇ ಇವೆ, ಮತ್ತು ನಿಂತು ನಿಂತು ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ಬಂದರೆ ಒಂದು ನಿಲ್ದಾಣದಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬಹುದು.

ಅಘನಾಶಿನಿಯ ಗಜನಿ ಒಡ್ಡುಗಳು

ಎಲ್ಲ ನದಿಗಳ ನಡುವೆ ಒಂದನ್ನೇ ಆರಿಸಬೇಕೆಂದರೆ ನಾನು ಅಘನಾಶಿನಿಯ ಅಳಿವೆಯನ್ನು ಆರಿಸುತ್ತೇನೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವೆ ಕಡಲನ್ನು ಸೇರುವ ಈ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟೆಯಿಲ್ಲ. ಸಿಹಿನೀರೂ ಉಪ್ಪುನೀರೂ ತಮ್ಮ ಪಾಡಿಗೆ ತಾವು ಬೆರೆಯುವ ಅಳಿವೆಯಾದ್ದರಿಂದ ಇಲ್ಲಿ ಬಳಚು ಎಂಬ ಚಿಪ್ಪುಮೀನು, ಸಿಗಡಿ, ಏಡಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ಹುಲುಸಾಗಿವೆ. 2024ರ ಆರಂಭದಲ್ಲಿ 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆಯನ್ನು ರಾಮ್ಸರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು, ಘೋಷಿಸಲಾಯಿತು.

ನಡಿಗೆಯ ದೃಷ್ಟಿಯಿಂದ ಮುಖ್ಯವಾದದ್ದು ಇಲ್ಲಿನ ಗಜನಿ ಭೂಮಿ. ನದಿಯ ಉಪ್ಪುನೀರು ಗದ್ದೆಗೆ ನುಗ್ಗದಂತೆ ಒಡ್ಡು ಕಟ್ಟಿ, ಅಲ್ಲಲ್ಲಿ ತೂಬಿಟ್ಟು, ಮಳೆಗಾಲದಲ್ಲಿ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಕಗ್ಗ ಎಂಬ ಭತ್ತವನ್ನು ಬೆಳೆಯುವುದು, ಕೊಯ್ಲು ಮುಗಿದ ಮೇಲೆ ತೂಬಿನ ಮೂಲಕ ಉಬ್ಬರದ ನೀರನ್ನು ಒಳಬಿಟ್ಟು ಸಿಗಡಿ ಮತ್ತು ಮೀನನ್ನು ಹಿಡಿಯುವುದು ಇಲ್ಲಿನ ಹಳೆಯ ಕ್ರಮ. ಮಣಿಕಟ್ಟಾ, ಕೊಡ್ಕಣಿ, ಹೆಗಡೆ, ಕಾಗಾಲ, ಬರ್ಗಿ ಮುಂತಾದ ಊರುಗಳ ಅಂಚಿನಲ್ಲಿ ಈ ಒಡ್ಡುಗಳು ನದಿಗೂ ಗದ್ದೆಗೂ ನಡುವೆ ಸಾಗುತ್ತವೆ. ಕೆಲವೆಡೆ ಕಲ್ಲು ಕಟ್ಟಿದ ಗಟ್ಟಿ ಒಡ್ಡು, ಕೆಲವೆಡೆ ಬರಿಯ ಮಣ್ಣಿನದು. ಕಲ್ಲಿನ ಒಡ್ಡಿನ ಮೇಲೆ ಇಬ್ಬರು ಜೊತೆಯಾಗಿ ನಡೆಯಬಹುದು. ಮಣ್ಣಿನ ಒಡ್ಡಿನ ಮೇಲೆ ಒಬ್ಬರ ಹಿಂದೆ ಒಬ್ಬರು ಹೋಗಬೇಕು, ಮತ್ತು ಏಡಿಗಳು ಕೊರೆದ ಬಿಲಗಳಿಂದ ಅಂಚು ಟೊಳ್ಳಾಗಿರುವುದರಿಂದ ನಡುಭಾಗದಲ್ಲೇ ಹೆಜ್ಜೆಯಿಡಬೇಕು. ಕೋಲು ಹಿಡಿದು ನಡೆಯುವ ಹಿರಿಯರಿಗೆ ಕಲ್ಲಿನ ಒಡ್ಡು ಮಾತ್ರ ಸೂಕ್ತ.

ಈ ದಾರಿಯ ಗುಣ ಹೊತ್ತಿನಿಂದ ಹೊತ್ತಿಗೆ ಬದಲಾಗುತ್ತದೆ. ಇಳಿತದ ಹೊತ್ತಿಗೆ ನದಿಯ ನಡುವಿನ ಮರಳು ದಿಣ್ಣೆಗಳು ತೆರೆದುಕೊಂಡು, ಬಳಚು ಆರಿಸುವ ಹೆಂಗಸರೂ ಗಂಡಸರೂ ಸೊಂಟದ ನೀರಿನಲ್ಲಿ ನಿಂತಿರುವುದು ಕಾಣುತ್ತದೆ. ಕೆಸರಿನ ಮೇಲೆ ನೀರಹಕ್ಕಿಗಳು ಇಳಿಯುವುದೂ ಆಗಲೇ. ಚಳಿಗಾಲದಲ್ಲಿ ಇಲ್ಲಿಗೆ ವಲಸೆ ಹಕ್ಕಿಗಳೂ ಬರುತ್ತವೆ. ಉಬ್ಬರದ ಹೊತ್ತಿಗೆ ಅದೇ ಜಾಗ ಒಂದು ದೊಡ್ಡ ಕೆರೆಯಂತೆ ತುಂಬಿ ನಿಲ್ಲುತ್ತದೆ, ಹಕ್ಕಿಗಳು ಕಾಂಡ್ಲಾದ ಮೇಲೆ ಸೇರಿಕೊಳ್ಳುತ್ತವೆ, ಆದರೆ ಗಾಳಿ ಹಿತವಾಗಿರುತ್ತದೆ. ಉಬ್ಬರ ದಿನಕ್ಕೆ ಎರಡು ಸಲ ಬರುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಕಡಲತೀರದ ವೇಳಾಪಟ್ಟಿಯಲ್ಲಿ ಕಾಣುವ ಹೊತ್ತಿಗಿಂತ ನದಿಯ ಒಳಭಾಗಕ್ಕೆ ಉಬ್ಬರ ತಲುಪುವುದು ತಡವಾಗಿ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಕ್ಕಿ ಮತ್ತು ಜನಜೀವನ ನೋಡಲು ಬಯಸುವವರು ಇಳಿತಕ್ಕೆ ಒಂದು ತಾಸು ಮೊದಲು ಹೊರಡಲಿ; ಬರಿಯ ನಡಿಗೆ ಸಾಕೆನ್ನುವವರಿಗೆ ಯಾವ ಹೊತ್ತಾದರೂ ಆಗುತ್ತದೆ.

ಮೊದಲ ಸಲ ಬರುವವರಿಗೆ ಮಿರ್ಜಾನ್ ಅನುಕೂಲ. ಅಲ್ಲಿನ ಕೋಟೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಸೇರಿಕೊಂಡಿದೆ. ಕರಿಮೆಣಸಿನ ವ್ಯಾಪಾರದ ಕಾಲದ ಆ ಕೋಟೆಯಲ್ಲಿ ಅರ್ಧ ತಾಸು ಸುತ್ತಾಡಿ, ನಂತರ ಹೊಳೆಯ ಕಡೆಯ ಊರ ರಸ್ತೆಗಳಿಗೆ ಇಳಿಯಬಹುದು. ಅಳಿವೆಯ ಬಾಯಿಯನ್ನು ನೋಡಬೇಕೆನ್ನುವವರು ತದಡಿಯ ಕಡೆಯಿಂದ ಹೊರಡುವುದು ಒಳ್ಳೆಯದು. ಅಲ್ಲಿಂದ ತಾರಿಯಲ್ಲಿ ಹೊಳೆ ದಾಟಿ ಅಘನಾಶಿನಿ ಊರಿಗೆ ಹೋಗಬಹುದಾದ್ದರಿಂದ ಬಂದ ದಾರಿಯಲ್ಲೇ ಮರಳಬೇಕಾದ ಬೇಸರವಿಲ್ಲ. ತಾರಿಯ ಕೊನೆಯ ಹೊತ್ತನ್ನು ಮಾತ್ರ ಹೊರಡುವ ಮೊದಲೇ ಅಲ್ಲಿಯವರಲ್ಲಿ ಕೇಳಿಕೊಂಡಿರಬೇಕು. ತದಡಿಗೆ ಸಮೀಪದ ಸಾಣಿಕಟ್ಟಾದ ಉಪ್ಪಿನಾಗರಗಳ ಬದುಗಳೂ ಸಮತಟ್ಟಾದವೇ, ಆದರೆ ಉಪ್ಪು ತೆಗೆಯುವ ಬೇಸಗೆಯ ತಿಂಗಳುಗಳಲ್ಲಿ ಅದು ಕೆಲಸದ ಜಾಗ. ರಸ್ತೆಯಿಂದ ನೋಡುವುದೇ ಮರ್ಯಾದೆ.

ಒಡ್ಡುಗಳ ವಿಷಯದಲ್ಲಿಯೂ ಇದೇ ಮಾತು. ಅವು ವಿಹಾರಕ್ಕಾಗಿ ಕಟ್ಟಿದವಲ್ಲ, ಊರಿನ ರೈತರ ಅನ್ನದ ಗೋಡೆಗಳು. ತೂಬಿನ ಹಲಗೆಯನ್ನು ಮುಟ್ಟಬಾರದು. ಒಂದು ಹಲಗೆ ಸರಿದರೂ ಉಪ್ಪುನೀರು ಒಳನುಗ್ಗಿ ಬೆಳೆಯೋ ಮೀನೋ ಕೈತಪ್ಪುತ್ತದೆ. ಕೊಯ್ಲಿನ ನಂತರ ಗಜನಿಯ ಮೀನುಗಾರಿಕೆಯನ್ನು ಅನೇಕ ಕಡೆ ಗುತ್ತಿಗೆಗೆ ಕೊಟ್ಟಿರುತ್ತಾರೆ, ಕಾವಲಿನವರಿರುತ್ತಾರೆ. ಒಡ್ಡು ಹತ್ತುವ ಮೊದಲು ಸಮೀಪದ ಮನೆಯಲ್ಲಿ ಕೇಳಿಕೊಂಡರೆ ಯಾರೂ ಬೇಡವೆನ್ನುವುದಿಲ್ಲ, ಮುಂದೆ ಒಡ್ಡು ಎಲ್ಲಿ ಮುರಿದಿದೆ ಎಂಬ ಸುದ್ದಿಯೂ ಅಲ್ಲೇ ಸಿಗುತ್ತದೆ. ನೆರಳಿಲ್ಲದಿರುವುದು ಈ ದಾರಿಯ ಒಂದೇ ದೊಡ್ಡ ಕೊರತೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಬೆಳಗಿನ ಹೊತ್ತು ಉತ್ತಮ. ಮಾರ್ಚಿನ ನಂತರ ಒಂಬತ್ತು ಗಂಟೆಯೊಳಗೆ ಮುಗಿಸದಿದ್ದರೆ ಸೆಕೆ ತಡೆಯಲಾಗುವುದಿಲ್ಲ.

ಕಾಳಿ ಮತ್ತು ಶರಾವತಿ

ಕಾರವಾರದಲ್ಲಿಯೇ ಇರುವವರಿಗೆ, ಅಥವಾ ಒಂದೇ ತಾಸು ಬಿಡುವಿರುವವರಿಗೆ, ಅಘನಾಶಿನಿಗೆ ಹೋಗಿಬರುವುದು ದೂರದ ಮಾತು. ಅಂಥವರಿಗೆ ಕೋಡಿಬಾಗದಲ್ಲಿ ಕಾಳಿ ಕಡಲನ್ನು ಸೇರುವಲ್ಲಿಂದ ಮರಳ ದಂಡೆಯ ಮೇಲೆ ನಗರದ ಟ್ಯಾಗೋರ್ ಕಡಲತೀರದವರೆಗಿನ ನಡಿಗೆಯನ್ನು ಸೂಚಿಸುತ್ತೇನೆ. ಮೂರು ಕಿಲೋಮೀಟರ್ ಆಸುಪಾಸಿನ ಈ ದಾರಿಗೆ ಒಂದು ಪೂರ್ವಚರಿತ್ರೆಯಿದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1880ರ ದಶಕದಲ್ಲಿ, ತರುಣ ರವೀಂದ್ರನಾಥ ಟ್ಯಾಗೋರರು ಕಾರವಾರಕ್ಕೆ ಬಂದು ತಂಗಿದ್ದರು. ದೋಣಿಯಲ್ಲಿ ಕಾಳಿಯ ಮೇಲ್ಭಾಗಕ್ಕೆ ಹೋಗಿ, ಬೆಳದಿಂಗಳಲ್ಲಿ ಹಿಂದಿರುಗಿ, ನದೀಮುಖದಲ್ಲಿ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ. ಇಳಿತದ ಹೊತ್ತಿಗೆ ಒದ್ದೆ ಮರಳು ಗಟ್ಟಿಯಾಗಿ ಕಾಲಿಗೆ ಆಸರೆ ಕೊಡುತ್ತದೆ. ಉಬ್ಬರದಲ್ಲಿ ಮೇಲಿನ ಸಡಿಲ ಮರಳಿನಲ್ಲಿ ನಡೆಯಬೇಕಾಗಿ, ಅದೇ ದೂರ ಮಂಡಿಗೆ ಇಮ್ಮಡಿ ಎನಿಸುತ್ತದೆ. ನದಿ ಮತ್ತು ಕಡಲು ಸೇರುವ ಜಾಗದಲ್ಲಿ ನೀರಿಗಿಳಿಯಬಾರದು, ಸೆಳೆತ ಮೇಲಿನಿಂದ ಕಾಣುವುದಿಲ್ಲ.

ನದಿಯ ಒಳಗಡೆಗೆ ಸುಂಕೇರಿ, ಕಡವಾಡದ ದಿಕ್ಕಿನಲ್ಲಿ ಊರ ರಸ್ತೆಗಳಿವೆ. ತೆಂಗು, ಗದ್ದೆ, ಕಾಂಡ್ಲಾದ ನಡುವಿನ ಈ ದಾರಿಗಳಿಗೆ ಅಘನಾಶಿನಿಯ ಒಡ್ಡಿನ ವೈಶಾಲ್ಯವಿಲ್ಲವಾದರೂ ನೆರಳಿದೆ, ಬಸ್ಸು ಮತ್ತು ರಿಕ್ಷಾ ಸಿಗುತ್ತವೆ, ದಣಿದಲ್ಲಿಗೆ ನಡಿಗೆಯನ್ನು ನಿಲ್ಲಿಸಬಹುದು. ಹೃದಯದ ತೊಂದರೆಯಿರುವವರಿಗೆ ಇದು ಸಣ್ಣ ಅನುಕೂಲವೇನಲ್ಲ. ಆದರೆ ಕಾಳಿ ಅನೇಕ ಅಣೆಕಟ್ಟೆಗಳ ನದಿ. ಮಳೆಗಾಲದಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟರೆ ಕೆಳಗಿನ ಊರುಗಳಿಗೆ ನೆರೆ ಬರುವುದನ್ನು 2019ರಲ್ಲಿ ಈ ಭಾಗದವರೆಲ್ಲ ಕಂಡಿದ್ದಾರೆ. ನೀರು ಬಿಡುವ ಮುನ್ಸೂಚನೆ ಇರುವ ದಿನ ದಂಡೆಯ ಕಡೆ ಹೋಗಲೇಬಾರದು. ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದಿದೆ; ಸೇತುವೆ ದಾಟಿ ಸದಾಶಿವಗಡದವರೆಗೆ ನಡೆಯಲು ಹೇಳುವ ಹಳೆಯ ಸಲಹೆಗಳನ್ನು ಈಗ ಬಿಡಬೇಕು. ಹೆದ್ದಾರಿಯ ವಾಹನಗಳ ಪಕ್ಕ ನದಿ ದಾಟುವುದು ವಿಹಾರವಲ್ಲ.

ಶರಾವತಿ ನೋಟಕ್ಕೆ ಕಾಳಿಗಿಂತ ಮಿಗಿಲು, ನಡಿಗೆಗೆ ಕಡಿಮೆ. ಹೊನ್ನಾವರದ ಬಳಿ ನದಿ ಎಷ್ಟು ಅಗಲವಾಗಿದೆಯೆಂದರೆ ಅದರ ಮೇಲಿನ ರೈಲು ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲ್ವೆಯಲ್ಲಿಯೇ ಅತಿ ಉದ್ದದ್ದು. ಗೇರುಸೊಪ್ಪೆಯತ್ತ ಹೋಗುವ ಹೆದ್ದಾರಿ ನಡೆಯುವವರಿಗೆ ತಕ್ಕದ್ದಲ್ಲ. ಲಾರಿಗಳ ಓಡಾಟ ಹೆಚ್ಚು, ಅಂಚು ಕಿರಿದು. ವಿದ್ಯುತ್ ಉತ್ಪಾದನೆಯ ನಂತರ ಬಿಟ್ಟ ಸಿಹಿನೀರು ವರ್ಷವಿಡೀ ಕೆಳಗೆ ಹರಿದುಬರುವುದರಿಂದ ಇಲ್ಲಿನ ಅಳಿವೆಯಲ್ಲಿ ಅಘನಾಶಿನಿಯಷ್ಟು ಉಪ್ಪಿಲ್ಲ. ಆ ಕಾರಣಕ್ಕೆ ಇಳಿತದ ಹೊತ್ತಿನ ಬಳಚಿನ ಸಡಗರವನ್ನು ಇಲ್ಲಿ ಅದೇ ಪ್ರಮಾಣದಲ್ಲಿ ನಿರೀಕ್ಷಿಸಬಾರದು. ಹೀಗಿದ್ದರೂ ಒಂದು ವಿಷಯದಲ್ಲಿ ಶರಾವತಿಯೇ ಮೊದಲು: ಹೊನ್ನಾವರದ ಸಮೀಪ ಕಾಂಡ್ಲಾವನದೊಳಗೆ ಅರಣ್ಯ ಇಲಾಖೆ ಹಲಗೆಯ ಕಾಲುದಾರಿಯನ್ನು ಕಟ್ಟಿದೆ. ಕೆಸರು ಮೆಟ್ಟದೆ, ಎಡವದೆ, ಪುಟ್ಟ ಮಗುವಿನ ಕೈಹಿಡಿದು ಹೋಗಬಹುದಾದ ದಾರಿ ಅದು. ಉದ್ದ ಚಿಕ್ಕದು, ಅದನ್ನೇ ಒಂದು ದಿನದ ನಡಿಗೆಯೆಂದು ಲೆಕ್ಕಹಾಕಿದರೆ ನಿರಾಸೆಯಾದೀತು. ದೋಣಿವಿಹಾರದ ಜೊತೆಗೆ ಸೇರಿಸಿಕೊಂಡರೆ ಅರ್ಧ ದಿನ ತುಂಬುತ್ತದೆ.

ಗಂಗಾವಳಿಯ ಬಗ್ಗೆ ಸದ್ಯ ಹೆಚ್ಚು ಹೇಳುವುದಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೊಳೆಗೆ ಬಿದ್ದ ದುರಂತದ ಜಾಗವನ್ನು ನಡಿಗೆಯ ತಾಣವಾಗಿ ಸೂಚಿಸಲು ನನಗೆ ಮನಸ್ಸಿಲ್ಲ.

ಘಟ್ಟದ ಮೇಲೆ: ವರದೆಯೋ ಶಾಲ್ಮಲೆಯೋ

ಶಿರಸಿಯಲ್ಲಿ ಉಳಿದುಕೊಂಡವರಿಗೆ ಎರಡು ಆಯ್ಕೆಗಳಿವೆ, ಮತ್ತು ಹೆಚ್ಚಿನವರು ಇವುಗಳಲ್ಲಿ ತಮಗೆ ಹೊಂದದ್ದನ್ನೇ ಆರಿಸುತ್ತಾರೆ. ಸುಮಾರು 17 ಕಿಲೋಮೀಟರ್ ದೂರದ ಸಹಸ್ರಲಿಂಗ ಹೆಸರುವಾಸಿ. ಶಾಲ್ಮಲೆಯ ಪಾತ್ರದ ಬಂಡೆಗಳ ಮೇಲೆ ಸೋದೆಯ (ಸೋಂದೆಯ) ಅರಸರ ಕಾಲದಲ್ಲಿ ಕಡೆದ ಲಿಂಗ ಮತ್ತು ನಂದಿಗಳು ನೀರು ಇಳಿದ ಮೇಲೆ ಕಾಣುತ್ತವೆ. ಆದರೆ ನಡಿಗೆಯ ದೃಷ್ಟಿಯಿಂದ ಅದು ಬಂಡೆಯಿಂದ ಬಂಡೆಗೆ ಕಾಲಿಡುವ ಜಾಗ. ಕಾಡಿನ ನೆರಳು, ತೂಗುಸೇತುವೆ, ತಂಪು ನೀರು ಮಕ್ಕಳಿಗೆ ಇಷ್ಟವಾಗುತ್ತವೆ. ತೂಕ ತಪ್ಪುವ ಭಯವಿರುವ ಹಿರಿಯರು ದಂಡೆಯಲ್ಲೇ ಕುಳಿತುಕೊಳ್ಳಬೇಕಾಗುತ್ತದೆ. ಪಾಚಿಗಟ್ಟಿದ ಬಂಡೆ ಜಾರುತ್ತದೆ, ಮಳೆಗಾಲದಲ್ಲಿ ಹೊಳೆ ಏರುವುದು ಹಠಾತ್ತಾಗಿ, ಉಂಬಳಗಳಂತೂ ಕಾಲಿಗೆ ಹತ್ತದೆ ಬಿಡುವುದಿಲ್ಲ.

ಬನವಾಸಿ ಇದಕ್ಕಿಂತ ತುಸು ದೂರ, ಶಿರಸಿಯಿಂದ ಸುಮಾರು 23 ಕಿಲೋಮೀಟರ್. ಕದಂಬರ ರಾಜಧಾನಿಯಾಗಿದ್ದ ಈ ಊರನ್ನು ವರದಾ ನದಿ ಬಳಸಿಕೊಂಡು ಹರಿಯುತ್ತದೆ. ಮಲೆನಾಡು ಮುಗಿದು ಬಯಲು ಆರಂಭವಾಗುವ ಅಂಚಾದ್ದರಿಂದ ಇಲ್ಲಿ ನೆಲ ತಾನಾಗಿಯೇ ಸಮ. ಮಧುಕೇಶ್ವರ ದೇವಾಲಯದಿಂದ ಹೊರಟು ಹೊಳೆಯ ಕಡೆಗೆ ಇಳಿದು, ಗದ್ದೆ, ಅಡಿಕೆ ತೋಟ, ಅನಾನಸಿನ ಸಾಲುಗಳ ನಡುವಿನ ಎತ್ತಿನ ಗಾಡಿಯ ಜಾಡುಗಳಲ್ಲಿ ಬೇಕಾದಷ್ಟು ದೂರ ಹೋಗಿ ಮರಳಬಹುದು. ಹಾಡಹಗಲು ಗದ್ದೆಯಲ್ಲಿ ಜನರಿರುವುದರಿಂದ ಒಂಟಿಯಾಗಿ ನಡೆಯುವ ಹೆಣ್ಣುಮಕ್ಕಳಿಗೂ ನಾನು ಇದನ್ನೇ ಹೇಳುತ್ತೇನೆ. ಹಳೆಯ ರೈಲು ದಾರಿಯ ನೆಮ್ಮದಿಯನ್ನು ಹುಡುಕುವವರಿಗೆ ಘಟ್ಟದ ಮೇಲೆ ಇದಕ್ಕಿಂತ ಸಮೀಪದ ಅನುಭವ ಇನ್ನೊಂದಿಲ್ಲ. ಜುಲೈ ಮತ್ತು ಆಗಸ್ಟಿನಲ್ಲಿ ಮಾತ್ರ ವರದೆ ಉಕ್ಕಿ ಗದ್ದೆಗಳು ಮುಳುಗುತ್ತವೆ; ನೀರು ಇಳಿದು ಜಾಡು ಗಟ್ಟಿಯಾಗಲು ನವೆಂಬರ್ ಬೇಕು.

ಕಾಡಿನಂಚಿನ ಯಾವುದೇ ದಾರಿಗೆ, ವಿಶೇಷವಾಗಿ ಸಿದ್ದಾಪುರ ಮತ್ತು ಹೊನ್ನಾವರದ ಒಳಭಾಗಗಳಲ್ಲಿ, ಒಂದು ಎಚ್ಚರಿಕೆ ಅಗತ್ಯ. ಮಂಗನ ಕಾಯಿಲೆ ಹರಡುವುದು ಉಣುಗುಗಳಿಂದ, ಮತ್ತು ಅದರ ಕಾಲ ನಡಿಗೆಗೆ ಹಿತವಾದ ಒಣ ತಿಂಗಳುಗಳೇ, ಅಂದರೆ ಡಿಸೆಂಬರಿನಿಂದ ಮೇ ತಿಂಗಳವರೆಗೆ. ತುಂಬುತೋಳಿನ ಅಂಗಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸುವುದು, ಉಣುಗು ಹತ್ತದಂತೆ ಸವರುವ ಎಣ್ಣೆ, ಮನೆಗೆ ಬಂದ ಕೂಡಲೇ ಸ್ನಾನ, ಇಷ್ಟನ್ನು ತಪ್ಪಿಸಬಾರದು. ಮಂಗ ಸತ್ತುಬಿದ್ದ ಸುದ್ದಿ ಕೇಳಿಬಂದ ಕಡೆ ಹೋಗಬಾರದು. ಕರಾವಳಿಯ ಒಡ್ಡುಗಳ ಮೇಲೆ ಈ ಭಯ ಅಷ್ಟಾಗಿ ಇಲ್ಲದಿರುವುದು ಅಘನಾಶಿನಿಯ ಪರವಾಗಿ ನಿಲ್ಲುವ ಇನ್ನೊಂದು ಕಾರಣ.

ಯಾರಿಗೆ ಯಾವುದು

ಚಳಿಗಾಲದಲ್ಲಿ ಒಂದೇ ದಿನ ಬಿಡುವಿದ್ದು ಎರಡು ಮೂರು ತಾಸು ಆರಾಮವಾಗಿ ನಡೆಯಬಲ್ಲವರು ಯೋಚಿಸದೆ ಅಘನಾಶಿನಿಗೆ ಹೋಗಲಿ. ಮನೆಯ ಹಿರಿಯರು ಜೊತೆಗಿದ್ದರೆ ಬನವಾಸಿ ಲೇಸು: ದೇವಸ್ಥಾನದಲ್ಲಿ ಕೂರಲು ಜಾಗವಿದೆ, ನೆರಳಿದೆ, ಮತ್ತು ನಡೆಯುವವರೂ ಕುಳಿತಿರುವವರೂ ಒಬ್ಬರಿಗೊಬ್ಬರು ದೂರವಾಗುವುದಿಲ್ಲ. ತೀರ ಚಿಕ್ಕ ಮಕ್ಕಳಿರುವವರಿಗೆ ಹೊನ್ನಾವರದ ಹಲಗೆದಾರಿ, ಕಾರವಾರದ ನಿವಾಸಿಗಳ ದಿನನಿತ್ಯದ ಅಭ್ಯಾಸಕ್ಕೆ ಕೋಡಿಬಾಗದ ಮರಳು. ಕರಾವಳಿ ಮತ್ತು ಘಟ್ಟ ಎರಡನ್ನೂ ಒಂದೇ ದಿನದಲ್ಲಿ ಮುಗಿಸುವ ಯೋಜನೆಯನ್ನು ಮಾತ್ರ ಯಾರಿಗೂ ಹೇಳಲಾರೆ. ದೇವಿಮನೆ ಘಾಟಿಯ ತಿರುವುಗಳಲ್ಲಿಯೇ ಅರ್ಧ ಉತ್ಸಾಹ ಖರ್ಚಾಗುತ್ತದೆ.

ಮಳೆಗಾಲದಲ್ಲಿಯೇ ಬರುವವರಿಗೆ ಮೇಲಿನ ಯಾವ ನದಿಯೂ ಸಲ್ಲದು. ಆಗ ಸೋಂದೆಯ ಮುಂಡಿಗೆಕೆರೆಗೆ ಹೋಗಿ. ಜೂನಿನ ಹೊತ್ತಿಗೆ ಬೆಳ್ಳಕ್ಕಿಗಳು ಅಲ್ಲಿನ ಮುಂಡಿಗೆ ಪೊದೆಗಳಲ್ಲಿ ಗೂಡುಕಟ್ಟಲು ಸೇರುತ್ತವೆ. ವೀಕ್ಷಣಾ ಗೋಪುರವಿದೆ, ಹತ್ತಿರದಲ್ಲಿ ವಾದಿರಾಜ ಮಠವಿದೆ, ಮಳೆ ಜೋರಾದರೆ ಆಸರೆಗೆ ದೂರ ಹೋಗಬೇಕಾಗಿಲ್ಲ. ಮರಿಗಳಿರುವ ಕಾಲವಾದ್ದರಿಂದ ಪೊದೆಯ ಸಮೀಪಕ್ಕೆ ಹೋಗದೆ ದೂರದರ್ಶಕವನ್ನು ಜೊತೆಗೆ ಒಯ್ಯಿರಿ, ಮತ್ತು ಉಂಬಳಕ್ಕೆ ಚಿಟಿಕೆ ಉಪ್ಪನ್ನೂ ಸುಣ್ಣವನ್ನೂ ಜೇಬಿನಲ್ಲಿ ಇಟ್ಟುಕೊಳ್ಳಿರಿ.